ಕಪ್ಪೆಗಳ ಚರ್ಮರೋಗ ಪತ್ತೆ: ಪರೀಕ್ಷೆಯ ಕ್ರಮ ಮತ್ತು ಫಲಿತಾಂಶದ ಅರ್ಥ

ಕಪ್ಪೆ, ನೆಲಗಪ್ಪೆ, ಸಾಲಮ್ಯಾಂಡರ್ ಹಾಗೂ ಕಾಲುಗಳಿಲ್ಲದ ಸಿಸಿಲಿಯನ್‌ಗಳನ್ನು ಒಟ್ಟಾಗಿ ಉಭಯವಾಸಿಗಳೆಂದು ಕರೆಯಲಾಗುತ್ತದೆ. ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಈ ವರ್ಗದ ಪ್ರಾಣಿಗಳು ಜಗತ್ತಿನ ಹಲವೆಡೆ ಇದ್ದಕ್ಕಿದ್ದಂತೆ ಕ್ಷೀಣಿಸತೊಡಗಿದವು. ಕಾಡು ಕಡಿದ ಕಡೆ, ಕೆರೆ ಮುಚ್ಚಿದ ಕಡೆ ಕಪ್ಪೆಗಳು ಕಡಿಮೆಯಾಗುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಈ ಬಾರಿ ಅವು ಮರೆಯಾದದ್ದು ಮನುಷ್ಯರ ಹಸ್ತಕ್ಷೇಪವಿಲ್ಲದ, ಸಂರಕ್ಷಿತವಾದ ಎತ್ತರದ ಕಾಡುಗಳಲ್ಲಿ. 1989ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಉರಗ ಮತ್ತು ಉಭಯವಾಸಿ ತಜ್ಞರ ಪ್ರಥಮ ವಿಶ್ವ ಸಮ್ಮೇಳನ ನಡೆದಾಗ, ತಮ್ಮ ತಮ್ಮ ಪ್ರದೇಶದಲ್ಲಷ್ಟೇ ಹೀಗಾಗುತ್ತಿದೆ ಎಂದು ಭಾವಿಸಿದ್ದ ವಿಜ್ಞಾನಿಗಳಿಗೆ ಇದು ಹಲವು ಖಂಡಗಳ ಸಮಸ್ಯೆ ಎಂಬ ಅರಿವು ಮೂಡಿತು.

ಕಾರಣ ತಿಳಿಯಲು ಇನ್ನೂ ಒಂಬತ್ತು ವರ್ಷ ಬೇಕಾಯಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತದ ಬಿಗ್ ಟೇಬಲ್‌ಲ್ಯಾಂಡ್ ಎಂಬಲ್ಲಿ 1993ರಲ್ಲಿ ಸತ್ತ ಕಪ್ಪೆಗಳ ಹಾಗೂ ಮಧ್ಯ ಅಮೆರಿಕದ ಪನಾಮಾದಲ್ಲಿ ಸತ್ತ ಕಪ್ಪೆಗಳ ಚರ್ಮವನ್ನು ಸೂಕ್ಷ್ಮದರ್ಶಕದಡಿ ಪರಿಶೀಲಿಸಿದಾಗ ಎರಡರಲ್ಲೂ ಒಂದೇ ಬಗೆಯ ಶಿಲೀಂಧ್ರ ಕಂಡುಬಂದಿತು. ಲೀ ಬರ್ಗರ್ ಮತ್ತು ಸಂಗಡಿಗರು ಇದನ್ನು 1998ರಲ್ಲಿ ಪ್ರಕಟಿಸಿದರು. ಮರುವರ್ಷ, ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ಸತ್ತ ನೀಲಿ ವಿಷಗಪ್ಪೆಯೊಂದರಿಂದ ಬೇರ್ಪಡಿಸಿದ ಶಿಲೀಂಧ್ರಕ್ಕೆ ಜಾಯ್ಸ್ ಲಾಂಗ್‌ಕೋರ್ ಮತ್ತು ಸಹೋದ್ಯೋಗಿಗಳು ಬ್ಯಾಟ್ರಕೊಕಿಟ್ರಿಯಂ ಡೆಂಡ್ರೊಬಾಟಿಡಿಸ್ ಎಂದು ನಾಮಕರಣ ಮಾಡಿದರು. ಹೆಸರು ಉದ್ದವಾದರೂ ಅದರ ಅರ್ಥ ಸರಳ. ಗ್ರೀಕ್ ಭಾಷೆಯಲ್ಲಿ ಬ್ಯಾಟ್ರಕೊಸ್ ಎಂದರೆ ಕಪ್ಪೆ. ಕಿಟ್ರಿಡಿಯನ್ ಎಂದರೆ ಪುಟ್ಟ ಮಡಕೆ. ಶಿಲೀಂಧ್ರದ ಬೀಜಕಕೋಶವು ಮಡಕೆಯ ಆಕಾರದಲ್ಲಿರುವುದೇ ಇದಕ್ಕೆ ಕಾರಣ. ಮುಂದೆ ಇದನ್ನು ಕಿಟ್ರಿಡ್ ಎಂದಷ್ಟೇ ಕರೆಯೋಣ.

2019ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದರ ಪ್ರಕಾರ ಕನಿಷ್ಠ 501 ಉಭಯವಾಸಿ ಪ್ರಭೇದಗಳ ಕ್ಷೀಣತೆಗೆ ಈ ರೋಗ ಕಾರಣವಾಗಿದೆ. ಅವುಗಳಲ್ಲಿ 90 ಪ್ರಭೇದಗಳು ನಿಸರ್ಗದಲ್ಲಿ ನಾಶವಾಗಿವೆ ಎಂದು ಭಾವಿಸಲಾಗಿದೆ. ಒಂದೇ ಒಂದು ರೋಗಾಣು ಇಷ್ಟೊಂದು ಪ್ರಭೇದಗಳಿಗೆ ಹಾನಿ ಮಾಡಿದ ಬೇರೆ ನಿದರ್ಶನ ದಾಖಲೆಯಲ್ಲಿಲ್ಲ. ಈ ರೋಗ ಮನುಷ್ಯರಿಗೆ ತಗಲುವುದಿಲ್ಲ. ಹಾಗೆಂದು ಅದರ ಪರಿಣಾಮ ಮನುಷ್ಯರನ್ನು ತಟ್ಟುವುದೇ ಇಲ್ಲವೆಂದಲ್ಲ. ಕೋಸ್ಟರಿಕಾ ಮತ್ತು ಪನಾಮಾಗಳಲ್ಲಿ ಕಪ್ಪೆಗಳು ನಶಿಸಿದ ನಂತರದ ಕೆಲವು ವರ್ಷಗಳ ಕಾಲ ಮಲೇರಿಯಾ ಪ್ರಕರಣಗಳು ಏರಿದ್ದವು ಎಂಬುದನ್ನು 2022ರ ಅಧ್ಯಯನವೊಂದು ತೋರಿಸಿಕೊಟ್ಟಿದೆ.

ರೋಗದ ಸ್ವರೂಪ

ಕಪ್ಪೆಯ ಚರ್ಮವು ಕೇವಲ ಹೊದಿಕೆಯಲ್ಲ. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ; ಹೊಟ್ಟೆಯ ಕೆಳಭಾಗ ಹಾಗೂ ತೊಡೆಯ ಒಳಭಾಗದ ತೆಳುವಾದ ಚರ್ಮದ ಮೂಲಕ ಹೀರಿಕೊಳ್ಳುತ್ತದೆ. ಉಸಿರಾಟದ ಒಂದು ಭಾಗವೂ ಚರ್ಮದ ಮೂಲಕವೇ ನಡೆಯುತ್ತದೆ. ರಕ್ತದಲ್ಲಿ ಇರಬೇಕಾದ ಲವಣಗಳ ಪ್ರಮಾಣವನ್ನು ಕಾಯುವ ಕೆಲಸದಲ್ಲಿಯೂ ಚರ್ಮಕ್ಕೆ ಪಾಲಿದೆ.

ಕಿಟ್ರಿಡ್ ನೆಲೆಸುವುದು ಚರ್ಮದ ಮೇಲ್ಪದರದಲ್ಲಿ, ಕೆರಾಟಿನ್ ಎಂಬ ಪ್ರೋಟೀನು ಇರುವ ಕೋಶಗಳಲ್ಲಿ. ನಮ್ಮ ಉಗುರು ಮತ್ತು ಕೂದಲು ಇದೇ ಪ್ರೋಟೀನಿನಿಂದ ಆಗಿವೆ. ಬಾಲವೊಂದನ್ನು ಹೊಂದಿದ ಸೂಕ್ಷ್ಮ ಬೀಜಕವು ನೀರಿನಲ್ಲಿ ಈಜಿ ಬಂದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಒಳಗೆ ಬೆಳೆದು ಮಡಕೆಯಂಥ ಕೋಶವಾಗುತ್ತದೆ. ಆ ಕೋಶದ ಪುಟ್ಟ ಕೊಳವೆಯ ಮೂಲಕ ಹೊಸ ಬೀಜಕಗಳು ಹೊರಬಿದ್ದು ಮತ್ತೆ ನೀರಿಗೆ ಸೇರುತ್ತವೆ, ಇಲ್ಲವೇ ಅದೇ ಕಪ್ಪೆಯ ಚರ್ಮವನ್ನು ಪುನಃ ಹೊಕ್ಕುತ್ತವೆ. ಸೋಂಕು ತೀವ್ರವಾದಾಗ ಚರ್ಮ ದಪ್ಪಗಾಗಿ ಸುಲಿಯತೊಡಗುತ್ತದೆ. ಸೋಡಿಯಂ ಮತ್ತು ಪೊಟ್ಯಾಸಿಯಂ ಲವಣಗಳು ರಕ್ತದಲ್ಲಿ ಕುಸಿದು, ಕೊನೆಗೆ ಹೃದಯ ನಿಂತು ಕಪ್ಪೆ ಸಾಯುತ್ತದೆ ಎಂಬುದನ್ನು ಜೇಮಿ ವಾಯ್ಲ್ಸ್ ಮತ್ತು ಸಂಗಡಿಗರು 2009ರಲ್ಲಿ ನಿರೂಪಿಸಿದರು. ಚರ್ಮದ ಬೂಷ್ಟು ಹೃದಯವನ್ನು ನಿಲ್ಲಿಸುತ್ತದೆ ಎಂಬುದು ಮೇಲ್ನೋಟಕ್ಕೆ ನಂಬಲಾಗದ ಸಂಗತಿ. ಕಪ್ಪೆಗೆ ಚರ್ಮವೇ ಅರ್ಧ ಶ್ವಾಸಕೋಶ, ಅರ್ಧ ಮೂತ್ರಪಿಂಡ ಎಂಬುದನ್ನು ನೆನಪಿಟ್ಟರೆ ಅರ್ಥವಾಗುತ್ತದೆ.

ಗೊದಮೊಟ್ಟೆಗಳ ಸ್ಥಿತಿ ಬೇರೆ. ಅವುಗಳ ಮೈಯಲ್ಲಿ ಕೆರಾಟಿನ್ ಇರುವುದು ಬಾಯಿಯ ಅಂಚಿನ ಹಲ್ಲುಸಾಲುಗಳಲ್ಲಿ ಮಾತ್ರ. ಆದ್ದರಿಂದ ಸೋಂಕು ಅಲ್ಲಿಗೇ ಸೀಮಿತವಾಗಿದ್ದು, ಗೊದಮೊಟ್ಟೆ ಸಾಮಾನ್ಯವಾಗಿ ಸಾಯುವುದಿಲ್ಲ. ಅದು ಕಪ್ಪೆಯಾಗಿ ರೂಪಾಂತರ ಹೊಂದಿ ಮೈಯೆಲ್ಲ ಕೆರಾಟಿನ್ ಮೂಡಿದಾಗ ರೋಗ ಹರಡಿ ಮರಿಗಪ್ಪೆ ಸಾಯಬಹುದು. ತೊರೆಯ ತುಂಬ ಗೊದಮೊಟ್ಟೆಗಳಿವೆ ಎಂಬ ಮಾತ್ರಕ್ಕೆ ಅಲ್ಲಿ ರೋಗವಿಲ್ಲವೆಂದು ತಿಳಿಯಬಾರದು.

ಮಾದರಿ ಸಂಗ್ರಹಿಸುವ ಕ್ರಮ

ಆರಂಭದ ವರ್ಷಗಳಲ್ಲಿ ಕಪ್ಪೆಯ ಕಾಲ್ಬೆರಳ ತುದಿಯನ್ನು ಕತ್ತರಿಸಿ, ತೆಳುವಾದ ಪದರಗಳಾಗಿ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಲಾಗುತ್ತಿತ್ತು. ರೋಗದಿಂದ ಚರ್ಮಕ್ಕೆ ಆದ ಹಾನಿಯನ್ನು ಕಣ್ಣಾರೆ ಕಾಣಲು ಈ ವಿಧಾನ ಇಂದಿಗೂ ಅಗತ್ಯ. ಆದರೆ ಸೋಂಕು ಅಲ್ಪವಾಗಿದ್ದರೆ ಕತ್ತರಿಸಿದ ಚೂರಿನಲ್ಲಿ ಶಿಲೀಂಧ್ರ ಇಲ್ಲದೆಯೇ ಹೋಗಬಹುದು. ಜೊತೆಗೆ ಅಪರೂಪದ ಪ್ರಾಣಿಯನ್ನು ಉಳಿಸಲು ಹೊರಟವರು ಅದಕ್ಕೇ ಗಾಯ ಮಾಡುವುದು ಎಷ್ಟು ಸರಿ ಎಂಬ ಪ್ರಶ್ನೆಯೂ ಇತ್ತು.

ಈಗ ರೂಢಿಯಲ್ಲಿರುವುದು ಸ್ವಾಬ್ ವಿಧಾನ. 2020ರ ಕೋವಿಡ್ ಸಾಂಕ್ರಾಮಿಕದ ನಂತರ ಸ್ವಾಬ್ ಎಂದರೇನೆಂದು ವಿವರಿಸುವ ಅಗತ್ಯವಿಲ್ಲ. ಮೂಗಿಗೂ ಗಂಟಲಿಗೂ ಬಳಸಿದಂಥದೇ ತುದಿಗೆ ಎಳೆ ಸುತ್ತಿದ ಕಡ್ಡಿ ಇಲ್ಲಿಯೂ ಬಳಕೆಯಾಗುತ್ತದೆ. ಅದು ಒಣಗಿದ್ದು ಕ್ರಿಮಿಶುದ್ಧವಾಗಿರಬೇಕು. ಕಪ್ಪೆಯನ್ನು ಕೈಗವಸು ಧರಿಸಿ ಹಿಡಿಯಬೇಕು. ಪ್ರತಿಯೊಂದು ಕಪ್ಪೆಗೂ ಹೊಸ ಕೈಗವಸು ಕಡ್ಡಾಯ. ಮೈಗೆ ಮಣ್ಣು ಮೆತ್ತಿಕೊಂಡಿದ್ದರೆ ಶುದ್ಧ ನೀರಿನಿಂದ ತೊಳೆಯಬೇಕು, ಏಕೆಂದರೆ ಮಣ್ಣಿನಲ್ಲಿರುವ ಕೆಲವು ವಸ್ತುಗಳು ಮುಂದಿನ ಪರೀಕ್ಷೆಗೆ ಅಡ್ಡಿ ಮಾಡುತ್ತವೆ. ನಂತರ ಹೊಟ್ಟೆಯ ಎರಡೂ ಪಕ್ಕ, ಎರಡೂ ತೊಡೆಯ ಒಳಭಾಗ ಮತ್ತು ಎರಡೂ ಹಿಂಗಾಲುಗಳ ಬೆರಳ ನಡುವಿನ ಪೊರೆ, ಈ ಆರು ಜಾಗಗಳಲ್ಲಿ ಐದೈದು ಬಾರಿ, ಒಟ್ಟು ಮೂವತ್ತು ಬಾರಿ, ಕಡ್ಡಿಯನ್ನು ತಿರುಗಿಸುತ್ತಾ ಮೃದುವಾಗಿ ಒರೆಸಲಾಗುತ್ತದೆ. ಈ ಜಾಗಗಳ ಆಯ್ಕೆ ಆಕಸ್ಮಿಕವಲ್ಲ. ನೀರನ್ನು ಹೀರುವ, ಸದಾ ತೇವದ ನೆಲಕ್ಕೆ ತಾಗಿರುವ ಚರ್ಮವೇ ಶಿಲೀಂಧ್ರದ ಮುಖ್ಯ ನೆಲೆ. ಬೆನ್ನನ್ನು ಒರೆಸಿ ತಂದ ಮಾದರಿಗೆ ಹೆಚ್ಚಿನ ಬೆಲೆಯಿಲ್ಲ. ಗೊದಮೊಟ್ಟೆಯಾದರೆ ಬಾಯಿಯ ಭಾಗವನ್ನು ಮಾತ್ರ ಒರೆಸುತ್ತಾರೆ.

ಒರೆಸುವ ಸಂಖ್ಯೆ ಹಾಗೂ ಜಾಗ ಎಲ್ಲ ಕಪ್ಪೆಗಳಿಗೂ ಒಂದೇ ಆಗಿರಬೇಕೆಂಬುದನ್ನು ಒತ್ತಿ ಹೇಳಬೇಕಾಗಿದೆ. ಒಬ್ಬರು ಹತ್ತು ಬಾರಿ, ಇನ್ನೊಬ್ಬರು ಐವತ್ತು ಬಾರಿ ಒರೆಸಿದರೆ ಮುಂದೆ ಬರುವ ಅಂಕಿಗಳನ್ನು ಹೋಲಿಸಿ ನೋಡುವುದೇ ಸಾಧ್ಯವಾಗುವುದಿಲ್ಲ. ಕಡ್ಡಿಯ ತುದಿಯನ್ನು ಮುರಿದು ಶುದ್ಧವಾದ ಪುಟ್ಟ ನಳಿಕೆಗೆ ಹಾಕಿ, ಮುಚ್ಚಿ, ಸ್ಥಳ, ದಿನಾಂಕ, ಪ್ರಭೇದ ಮತ್ತು ಕ್ರಮಸಂಖ್ಯೆ ಬರೆದು ತಂಪಿನಲ್ಲಿಡಬೇಕು. ಕೆಲವರು ಶೇಕಡ 70ರ ಆಲ್ಕೊಹಾಲಿನಲ್ಲಿ ಇಡುವುದುಂಟು. ಆಗ ಸಾಧಾರಣ ಪೆನ್ನಿನ ಬರಹ ಅಳಿಸಿಹೋಗುವುದರಿಂದ ಪೆನ್ಸಿಲ್ಲಿನಲ್ಲಿ ಬರೆದ ಚೀಟಿ ಉತ್ತಮ. ಕಪ್ಪೆಯನ್ನು ಹಿಡಿದ ಜಾಗದಲ್ಲಿಯೇ ಬಿಡಬೇಕು. ಹಲವು ಕಪ್ಪೆಗಳನ್ನು ಒಂದೇ ಚೀಲದಲ್ಲಿ ತುಂಬಿಕೊಂಡು ಬಂದು ಆಮೇಲೆ ಒಂದೊಂದಾಗಿ ಪರೀಕ್ಷಿಸಿದರೆ, ಒಂದರ ರೋಗ ಎಲ್ಲಕ್ಕೂ ಅಂಟುತ್ತದೆ, ಫಲಿತಾಂಶವೂ ಸುಳ್ಳಾಗುತ್ತದೆ.

ಪ್ರಯೋಗಾಲಯದಲ್ಲಿ

ಸ್ವಾಬಿನಲ್ಲಿ ಅಂಟಿಬಂದ ಶಿಲೀಂಧ್ರ ಕಣ್ಣಿಗೆ ಕಾಣುವಂಥದಲ್ಲ. ಅದರ ಡಿಎನ್‌ಎಯನ್ನು ಬೇರ್ಪಡಿಸಿ, ಪಿಸಿಆರ್ ಎಂಬ ಕ್ರಿಯೆಯಿಂದ ವೃದ್ಧಿಸಲಾಗುತ್ತದೆ. ಒಂದೊಂದು ಸುತ್ತಿನಲ್ಲಿಯೂ ಗುರಿ ಮಾಡಿದ ಡಿಎನ್‌ಎ ತುಣುಕು ಇಮ್ಮಡಿಯಾಗುವುದರಿಂದ, ಮೂವತ್ತು ಸುತ್ತು ಮುಗಿಯುವ ಹೊತ್ತಿಗೆ ಒಂದು ತುಣುಕು ತತ್ತ್ವಶಃ ನೂರು ಕೋಟಿಯನ್ನು ಮೀರುತ್ತದೆ. ಯಾವ ತುಣುಕನ್ನು ವೃದ್ಧಿಸಬೇಕೆಂದು ನಿರ್ಧರಿಸುವುದು ಪ್ರೈಮರ್‌ಗಳೆಂಬ ಚಿಕ್ಕ ಡಿಎನ್‌ಎ ಎಳೆಗಳು. ಬೀಗಕ್ಕೆ ಕೀಲಿಯಂತೆ ಅವು ಕಿಟ್ರಿಡ್‌ನ ಡಿಎನ್‌ಎಗೆ ಮಾತ್ರ ಹೊಂದಿಕೊಳ್ಳುವಂತೆ ರಚಿಸಲಾಗಿರುತ್ತದೆ.

ಆಸ್ಟ್ರೇಲಿಯಾದಲ್ಲಿ ಡೊನ್ನಾ ಬಾಯ್ಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪರೀಕ್ಷೆಯು ಶಿಲೀಂಧ್ರ ಇದೆಯೇ ಇಲ್ಲವೇ ಎಂಬುದರ ಜೊತೆಗೆ ಎಷ್ಟಿದೆ ಎಂಬುದನ್ನೂ ತಿಳಿಸುತ್ತದೆ. ಪ್ರತಿ ಸುತ್ತಿನಲ್ಲಿ ಉತ್ಪತ್ತಿಯಾಗುವ ಬೆಳಕನ್ನು ಯಂತ್ರವು ಅಳೆಯುತ್ತಾ ಹೋಗುತ್ತದೆ. ಬೀಜಕಗಳ ಸಂಖ್ಯೆ ಗೊತ್ತಿರುವ ಮಾದರಿಗಳನ್ನೂ ಪಕ್ಕದಲ್ಲಿಟ್ಟು, ಅವುಗಳೊಡನೆ ಹೋಲಿಸಿ ಅಜ್ಞಾತ ಮಾದರಿಯ ಪ್ರಮಾಣವನ್ನು ಲೆಕ್ಕಹಾಕಲಾಗುತ್ತದೆ. ಪ್ರಮಾಣ ತಿಳಿಯುವುದರಿಂದ ದೊಡ್ಡ ಪ್ರಯೋಜನವಿದೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳ ಕಪ್ಪೆಗಳನ್ನು ಅಧ್ಯಯನ ಮಾಡಿದ ವ್ಯಾನ್ಸ್ ವ್ರೆಡೆನ್‌ಬರ್ಗ್ ಮತ್ತು ಸಂಗಡಿಗರು, ಒಂದು ಸ್ವಾಬಿಗೆ ಸುಮಾರು 10,000 ಬೀಜಕಗಳಷ್ಟು ಸೋಂಕು ಮುಟ್ಟಿದಾಗ ಕಪ್ಪೆಗಳ ಸಾಮೂಹಿಕ ಸಾವು ಆರಂಭವಾಗುತ್ತದೆಂದು 2010ರಲ್ಲಿ ವರದಿ ಮಾಡಿದರು. ಹತ್ತು ಬೀಜಕ ಹೊತ್ತ ಕಪ್ಪೆಯೂ ಹತ್ತು ಸಾವಿರ ಹೊತ್ತ ಕಪ್ಪೆಯೂ ‘ಸೋಂಕಿತ’ವೇ, ಒಂದು ಬದುಕುತ್ತದೆ, ಇನ್ನೊಂದು ಬದುಕುವ ಸಂಭವ ಕಡಿಮೆ. ಆದರೂ ಈ ಅಂಕಿಯನ್ನು ಎಲ್ಲ ಪ್ರಭೇದಗಳಿಗೂ ಕಣ್ಣುಮುಚ್ಚಿ ಅನ್ವಯಿಸುವಂತಿಲ್ಲ. ಪರೀಕ್ಷೆ ಗುರಿಮಾಡುವ ಡಿಎನ್‌ಎ ಭಾಗವು ಒಂದೊಂದು ಬೀಜಕದಲ್ಲಿ ಹಲವು ಪ್ರತಿಗಳಲ್ಲಿದ್ದು, ಆ ಪ್ರತಿಗಳ ಸಂಖ್ಯೆ ತಳಿಯಿಂದ ತಳಿಗೆ ಬದಲಾಗುತ್ತದೆ.

ಪ್ರತಿ ಬಾರಿಯೂ ಏನೂ ಹಾಕದ ಖಾಲಿ ಮಾದರಿಯೊಂದನ್ನು ಜೊತೆಯಲ್ಲಿ ಓಡಿಸುವುದು ನಿಯಮ. ಅದರಲ್ಲಿಯೂ ಶಿಲೀಂಧ್ರ ‘ಕಂಡುಬಂದರೆ’ ಪ್ರಯೋಗಾಲಯವೇ ಮಲಿನವಾಗಿದೆ ಎಂದರ್ಥ; ಆ ದಿನದ ಫಲಿತಾಂಶಗಳನ್ನೆಲ್ಲ ಬದಿಗಿಡಬೇಕು.

‘ಇಲ್ಲ’ ಎಂಬ ಉತ್ತರ

ಪರೀಕ್ಷೆಯಲ್ಲಿ ಅತ್ಯಂತ ಹೆಚ್ಚು ತಪ್ಪಾಗಿ ಗ್ರಹಿಸಲ್ಪಡುವುದು ‘ಶಿಲೀಂಧ್ರ ಕಂಡುಬಂದಿಲ್ಲ’ ಎಂಬ ಫಲಿತಾಂಶ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಕಾಡಿನ ಕಪ್ಪೆಗಳಲ್ಲಿ ನೂರಕ್ಕೆ ಐದಕ್ಕೆ ಸೋಂಕಿದೆ ಎಂದಿಟ್ಟುಕೊಳ್ಳಿ. ಅಲ್ಲಿ ಇಪ್ಪತ್ತು ಕಪ್ಪೆಗಳನ್ನು ಹಿಡಿದು ಪರೀಕ್ಷಿಸಿದರೆ ಇಪ್ಪತ್ತೂ ಆರೋಗ್ಯವಂತ ಕಪ್ಪೆಗಳೇ ಸಿಗುವ ಸಂಭವ ಎಷ್ಟು? 0.95ನ್ನು ಇಪ್ಪತ್ತು ಬಾರಿ ಗುಣಿಸಿದರೆ ಸುಮಾರು 0.36 ಬರುತ್ತದೆ. ಅಂದರೆ ಮೂರು ಸಲ ಹೋದರೆ ಒಂದು ಸಲವಾದರೂ ನಾವು ಬರಿಗೈಯಲ್ಲಿ ಹಿಂದಿರುಗಿ, ‘ಇಲ್ಲಿ ರೋಗವಿಲ್ಲ’ ಎಂದು ಬರೆಯುತ್ತೇವೆ. ಈ ಸಂಭವವನ್ನು ನೂರಕ್ಕೆ ಐದಕ್ಕಿಂತ ಕೆಳಗೆ ಇಳಿಸಬೇಕಾದರೆ 59 ಕಪ್ಪೆಗಳ ಸ್ವಾಬ್ ಬೇಕು. ಸೋಂಕು ನೂರಕ್ಕೆ ಹತ್ತಿದ್ದರೆ 29 ಸಾಕು. ನೂರಕ್ಕೆ ಒಂದೇ ಇದ್ದರೆ 299 ಬೇಕಾಗುತ್ತದೆ.

ಈ ಲೆಕ್ಕ ಪರೀಕ್ಷೆ ಎಂದೂ ತಪ್ಪುವುದಿಲ್ಲ ಎಂಬ ಎಣಿಕೆಯ ಮೇಲೆ ನಿಂತಿದೆ. ಸೋಂಕಿತ ಕಪ್ಪೆಗಳಲ್ಲಿ ನೂರಕ್ಕೆ ಎಂಬತ್ತನ್ನು ಮಾತ್ರ ಹಿಡಿಯಬಲ್ಲ ಪರೀಕ್ಷೆಯಾದರೆ, 59ರ ಬದಲು 74 ಸ್ವಾಬುಗಳು ಬೇಕು. ಇನ್ನು ಋತುವಿನ ಪ್ರಶ್ನೆ. ಕಿಟ್ರಿಡ್ ಚೆನ್ನಾಗಿ ಬೆಳೆಯುವುದು 17ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. 30 ಡಿಗ್ರಿ ಮೀರಿದರೆ ಅದು ಬಾಳುವುದು ಕಷ್ಟ. ಬೇಸಗೆಯ ಸೆಕೆಯಲ್ಲಿ ಬಯಲಿನ ಕಪ್ಪೆಗಳನ್ನು ಪರೀಕ್ಷಿಸಿ ‘ಇಲ್ಲ’ ಎಂದವರು ಮಳೆಗಾಲದ ಮಲೆನಾಡಿನ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ.

ಹಾಗೆಂದು ‘ಇಲ್ಲ’ ಎಂಬ ಉತ್ತರ ವ್ಯರ್ಥವೇನೂ ಅಲ್ಲ. ಪನಾಮಾದ ಎಲ್ ಕೊಪೆ ಎಂಬಲ್ಲಿ ಕ್ಯಾರನ್ ಲಿಪ್ಸ್ ಮತ್ತು ಸಂಗಡಿಗರು ರೋಗ ಬರುವ ಮೊದಲೇ ಹಲವು ವರ್ಷ ಕಪ್ಪೆಗಳನ್ನು ಪರೀಕ್ಷಿಸುತ್ತಾ ಬಂದಿದ್ದರು. ಆಗಿನ ಫಲಿತಾಂಶಗಳಲ್ಲಿ ಸೋಂಕು ಇರಲಿಲ್ಲ. 2004ರ ಸೆಪ್ಟೆಂಬರಿನಲ್ಲಿ ಮೊದಲ ಸೋಂಕಿತ ಕಪ್ಪೆ ಸಿಕ್ಕಿತು. ಮುಂದಿನ ಕೆಲವೇ ತಿಂಗಳುಗಳಲ್ಲಿ ತೊರೆಯ ದಂಡೆಗಳಲ್ಲಿ ಹಲವಾರು ಪ್ರಭೇದಗಳ ಕಪ್ಪೆಗಳು ಸತ್ತು ಬಿದ್ದವು. ಹಿಂದಿನ ಆ ‘ಇಲ್ಲ’ಗಳ ಕಡತ ಇದ್ದುದರಿಂದಲೇ ರೋಗ ಹೊರಗಿನಿಂದ ಬಂತು ಎಂದು ಖಚಿತವಾಗಿ ಹೇಳಲು ಸಾಧ್ಯವಾಯಿತು.

ಭಾರತದ ಸನ್ನಿವೇಶ

ಪಶ್ಚಿಮ ಘಟ್ಟಗಳ ಸ್ಥಳೀಯ ಕಪ್ಪೆಯಾದ ಇಂಡಿರಾನ ಬ್ರಾಕಿಟಾರ್ಸಸ್‌ನಲ್ಲಿ ಕಿಟ್ರಿಡ್ ಇರುವುದು 2011ರಲ್ಲಿ ವರದಿಯಾಯಿತು. 2013ರಲ್ಲಿ ಪುಣೆಯ ಸಂಶೋಧಕರನ್ನು ಒಳಗೊಂಡ ತಂಡವು ಉತ್ತರ ಪಶ್ಚಿಮ ಘಟ್ಟಗಳ ಅಪಾಯದಂಚಿನ ಕಪ್ಪೆಗಳಲ್ಲಿಯೂ ಅದನ್ನು ಗುರುತಿಸಿತು. ಆ ತಳಿ ಏಷ್ಯಾಕ್ಕೆ ಸೀಮಿತವಾದುದೆಂದು ತಿಳಿದುಬಂದಿತು. ಹೈದರಾಬಾದಿನ ಕೋಶೀಯ ಹಾಗೂ ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ವಿಸ್ತಾರವಾದ ಅಧ್ಯಯನ ಎರಡು ಸಂಗತಿಗಳನ್ನು ಮುಂದಿಟ್ಟಿತು: ನಮ್ಮ ಕಪ್ಪೆಗಳಲ್ಲಿ ಸೋಂಕಿನ ಪ್ರಮಾಣ ಕಡಿಮೆ, ಆದರೆ ಶಿಲೀಂಧ್ರದ ಡಿಎನ್‌ಎಯಲ್ಲಿ ವೈವಿಧ್ಯ ಹೆಚ್ಚು. ಆಸ್ಟ್ರೇಲಿಯಾ ಮತ್ತು ಪನಾಮಾಗಳಲ್ಲಿ ಕಂಡಂಥ ಸಾಮೂಹಿಕ ಮರಣ ಭಾರತದಲ್ಲಿ ದಾಖಲಾಗಿಲ್ಲ.

ಈ ಎರಡು ಸಂಗತಿಗಳು ಒಟ್ಟಾದಾಗ ಪರೀಕ್ಷಕರ ಕೆಲಸ ಕಠಿಣವಾಗುತ್ತದೆ. ಸೋಂಕು ಅಲ್ಪವಾಗಿದ್ದರೆ ಹೆಚ್ಚು ಸೂಕ್ಷ್ಮವಾದ ಪರೀಕ್ಷೆ ಬೇಕು. ಡಿಎನ್‌ಎ ಬೇರೆ ಬೇರೆಯಾಗಿದ್ದರೆ, ಒಂದು ದೇಶದ ತಳಿಗೆ ಹೊಂದುವ ಪ್ರೈಮರ್ ಇನ್ನೊಂದು ದೇಶದ ತಳಿಗೆ ಸರಿಯಾಗಿ ಹೊಂದದಿರಬಹುದು. ಬೀಗ ಬದಲಾದಾಗ ಹಳೆಯ ಕೀಲಿ ತಿರುಗುವುದಿಲ್ಲ. ಹಾಗಾಗಿ ಹೊರದೇಶದಲ್ಲಿ ಸಿದ್ಧವಾದ ಪರೀಕ್ಷೆಯನ್ನು ಇಲ್ಲಿ ಬಳಸಿ ಬಂದ ‘ಇಲ್ಲ’ ಎಂಬ ಉತ್ತರಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದೇ ಪ್ರಶ್ನೆಯಾಗಿತ್ತು. ಇದೇ ಕಾರಣದಿಂದ 2020ರ ದಶಕದಲ್ಲಿ ಸಿಸಿಎಂಬಿಯ ತಂಡವು ಭಾರತದ ತಳಿಗಳನ್ನೂ ಗುರುತಿಸಬಲ್ಲ ಹೊಸ ಪರೀಕ್ಷೆಯೊಂದನ್ನು ರೂಪಿಸಿ, ಆಸ್ಟ್ರೇಲಿಯಾ ಹಾಗೂ ಪನಾಮಾದ ಸಹೋದ್ಯೋಗಿಗಳ ನೆರವಿನಿಂದ ಆ ದೇಶಗಳ ಮಾದರಿಗಳ ಮೇಲೂ ಪ್ರಯೋಗಿಸಿ ನೋಡಿತು. ಮೂರು ಖಂಡಗಳಲ್ಲಿಯೂ ಒಂದೇ ಅಳತೆಗೋಲು ದೊರೆತರೆ ಅಂಕಿಗಳನ್ನು ಪರಸ್ಪರ ಹೋಲಿಸಬಹುದು ಎಂಬುದು ಇದರ ಮಹತ್ವ.

ಸಾವು ಕಾಣದಿದ್ದ ಮೇಲೆ ಇಷ್ಟೆಲ್ಲ ಪರೀಕ್ಷೆ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಶಿಲೀಂಧ್ರದ ಮೂಲ ಪೂರ್ವ ಏಷ್ಯಾ ಎಂದು 2018ರ ಅಂತರರಾಷ್ಟ್ರೀಯ ಅಧ್ಯಯನವೊಂದು ಸೂಚಿಸಿದೆ. ಏಷ್ಯಾದ ಕಪ್ಪೆಗಳು ಅದರೊಡನೆ ಬಹುಕಾಲ ಬದುಕಿ ಒಗ್ಗಿಕೊಂಡಿರುವ ಸಾಧ್ಯತೆ ಇದೆ. ಆದರೆ ಜಗತ್ತಿನಾದ್ಯಂತ ಹಾವಳಿ ಮಾಡಿದ್ದು ಇಪ್ಪತ್ತನೆಯ ಶತಮಾನದ ಆರಂಭದ ಸುಮಾರಿಗೆ ತಲೆದೋರಿ, ಪ್ರಾಣಿಗಳ ವ್ಯಾಪಾರದೊಡನೆ ಹರಡಿದ ಬೇರೊಂದು ತಳಿ. ನಮ್ಮ ಕಪ್ಪೆಗಳು ಸ್ಥಳೀಯ ತಳಿಯನ್ನು ತಾಳಿಕೊಂಡವು ಎಂಬುದರಿಂದ ಆ ತಳಿಯನ್ನೂ ತಾಳಿಕೊಳ್ಳುತ್ತವೆ ಎಂದು ಊಹಿಸಿ ಸುಮ್ಮನಿರುವುದು ಜಾಣತನವಲ್ಲ. ಪಶ್ಚಿಮ ಘಟ್ಟದ ಕೆಲವು ಕಪ್ಪೆಗಳು ಒಂದೆರಡು ಬೆಟ್ಟಗಳಿಗಷ್ಟೇ ಸೀಮಿತವಾಗಿವೆ. ಅಂಥವುಗಳಿಗೆ ಎರಡನೆಯ ಅವಕಾಶವಿರುವುದಿಲ್ಲ. ಸಾಲಮ್ಯಾಂಡರ್‌ಗಳನ್ನು ಕೊಲ್ಲುವ ಇನ್ನೊಂದು ಕಿಟ್ರಿಡ್ ನೆದರ್ಲೆಂಡ್ಸಿನಲ್ಲಿ ಪತ್ತೆಯಾಗಿ 2013ರಲ್ಲಿ ವಿವರಿಸಲ್ಪಟ್ಟಿತು. ಅದಕ್ಕೆ ಪ್ರತ್ಯೇಕ ಪರೀಕ್ಷೆಯೇ ಬೇಕು.

ವ್ಯಾಪಾರದ ಮಾತು ಬಂದುದರಿಂದ ಒಂದು ವಿಚಿತ್ರವನ್ನು ಇಲ್ಲಿ ಹೇಳಬಹುದು. 1930ರ ದಶಕದಿಂದ ಹಲವು ವರ್ಷಗಳ ಕಾಲ ಸ್ತ್ರೀಯರ ಗರ್ಭಧಾರಣೆಯನ್ನು ಪರೀಕ್ಷಿಸಲು ಆಫ್ರಿಕದ ಝೆನೋಪಸ್ ಕಪ್ಪೆಯನ್ನು ಆಸ್ಪತ್ರೆಗಳಲ್ಲಿ ಸಾಕುತ್ತಿದ್ದರು. ಅದಕ್ಕಾಗಿ ಸಾವಿರಾರು ಕಪ್ಪೆಗಳು ದೇಶವಿದೇಶಗಳಿಗೆ ಸಾಗಿದವು. ಕಿಟ್ರಿಡ್‌ನ್ನು ಮೈಯಲ್ಲಿ ಹೊತ್ತೂ ಕಾಯಿಲೆ ಬೀಳದ ಪ್ರಾಣಿಗಳಲ್ಲಿ ಅದೂ ಒಂದು. ಭಾರತವು ಕಪ್ಪೆಕಾಲುಗಳ ರಫ್ತನ್ನು 1987ರಲ್ಲಿಯೇ ನಿಷೇಧಿಸಿದೆ. ಆದರೆ ಸಾಕುಪ್ರಾಣಿಗಳ ಹೆಸರಿನಲ್ಲಿ ಬರುವ ವಿದೇಶಿ ಕಪ್ಪೆಗಳು ಹೊಸ ತಳಿಯನ್ನು ತರುವ ದಾರಿಯಾಗಬಹುದು.

ಸಾರ್ವಜನಿಕರು ಗಮನಿಸಬೇಕಾದದ್ದು

ಮೇಲೆ ವಿವರಿಸಿದ ಸ್ವಾಬ್ ಪರೀಕ್ಷೆಯನ್ನು ಅರಣ್ಯ ಇಲಾಖೆಯ ಅನುಮತಿ ಪಡೆದ, ತರಬೇತಿ ಹೊಂದಿದ ಸಂಶೋಧಕರು ಮಾತ್ರ ಕೈಗೊಳ್ಳಬೇಕು. ಕುತೂಹಲದಿಂದ ಕಪ್ಪೆ ಹಿಡಿಯುವುದೇ ರೋಗ ಹರಡಲು ದಾರಿಯಾಗುತ್ತದೆ.

ಮಳೆಗಾಲದಲ್ಲಿ ಮುಂಬಯಿ, ಪುಣೆಗಳಿಂದ ಸಹ್ಯಾದ್ರಿಗೂ, ಚೆನ್ನೈ, ಹೈದರಾಬಾದುಗಳಿಂದ ನೀಲಗಿರಿ, ಕೊಡಗುಗಳಿಗೂ ಚಾರಣಕ್ಕೆ ಹೋಗುವವರು ಒಂದು ಕಾಡಿನ ಕೆಸರನ್ನು ಇನ್ನೊಂದು ಕಾಡಿಗೆ ಒಯ್ಯದಂತೆ ಎಚ್ಚರ ವಹಿಸಬಹುದು. ಈ ಶಿಲೀಂಧ್ರ ಒಣಗುವಿಕೆಯನ್ನು ತಾಳಲಾರದು. ಬೂಟು, ಕೊಡೆ, ಚೀಲಗಳ ಮಣ್ಣನ್ನು ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿದರೆ ಬಹಳಮಟ್ಟಿಗೆ ಸಾಕು. ಬೇಗ ಬೇರೆ ಸ್ಥಳಕ್ಕೆ ಹೋಗಬೇಕಾದ ಅಧ್ಯಯನ ತಂಡಗಳು ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ, ತೊರೆಯಿಂದ ದೂರದಲ್ಲಿ ತೊಳೆಯುತ್ತಾರೆ, ಏಕೆಂದರೆ ಆ ದ್ರಾವಣವೂ ಕಪ್ಪೆಗಳಿಗೆ ವಿಷವೇ. ಮಕ್ಕಳು ಶಾಲೆಯ ಪ್ರಯೋಗಕ್ಕೆಂದು ತಂದ ಗೊದಮೊಟ್ಟೆಗಳನ್ನು ತಂದ ಹೊಂಡಕ್ಕಲ್ಲದೆ ಬೇರೆ ಕೆರೆಗೆ ಬಿಡಬಾರದು. ಅಕ್ವೇರಿಯಂ ನೀರನ್ನು, ಗಿಡಗಳನ್ನು ಕಾಲುವೆಗೆ ಚೆಲ್ಲಬಾರದು.

ಒಂದೇ ಜಾಗದಲ್ಲಿ ಹಲವು ಕಪ್ಪೆಗಳು ಸತ್ತು ಬಿದ್ದಿರುವುದು ಕಂಡರೆ, ಅಥವಾ ಕಪ್ಪೆಯೊಂದು ಹಗಲಿನಲ್ಲಿ ಬಯಲಿನಲ್ಲೇ ಕಾಲುಚಾಚಿ ಅಲುಗಾಡದೆ ಕುಳಿತು, ಮೈಯ ಚರ್ಮ ಸುಲಿಯುತ್ತಿದ್ದರೆ, ಮುಟ್ಟದೆ ಚಿತ್ರ ತೆಗೆದು, ಸ್ಥಳ ಮತ್ತು ದಿನಾಂಕ ಗುರುತಿಸಿಕೊಂಡು ಹತ್ತಿರದ ಅರಣ್ಯ ಕಚೇರಿಗೆ ತಿಳಿಸಬೇಕು. ಸತ್ತ ಕಪ್ಪೆ ಬಿಸಿಲಿನಲ್ಲಿ ಬೇಗ ಕೊಳೆಯುವುದರಿಂದ ಮಾಹಿತಿ ಅದೇ ದಿನ ತಲುಪಿದರೆ ಸ್ವಾಬ್ ತೆಗೆಯಲು ಅವಕಾಶವಿರುತ್ತದೆ.